ನಿನ್ನ ರೂಮಿನ ವೈಫೈ ಆಟೋಗೆ ಹಾಕು

ಐಶ್ವರ್ಯ,

ನಿನ್ನ ರೂಮಿನ ವೈಫೈ ಡಬ್ಬಿಯ ಚಾನೆಲ್ ಬದಲಿಸಿ, ಪವರ್ ಫುಲ್ ಮಾಡಿದ್ದು ನೀನೇ. ಗೇಮ್ ಆಡಾಕ, ಹೌದಲ್ಲ? ಕೆಳಮಹಡಿಯ ಡಬ್ಬಿ ಆಟೋದಲ್ಲಿದೆ, ಅಂದರೆ ಚಾನೆಲ್, ಪವರ್ ತಾನೇ ಹೊಂದಿಸಿಕೊಳ್ಳುತ್ತದೆ. ನಿನ್ನದು ಜೋರಾದರೆ ಅದು ತಾನಾಗಿಯೇ ಪವರ್ ಇಳಿಸಿಕೊಳ್ಳುತ್ತದೆ, ಅಜ್ಜಿಯ ಕೋಣೆಗೆ ಸಿಗ್ನಲ್ ಮುಟ್ಟುವುದಿಲ್ಲ. ಡಾಕ್ಟರ ವಿಡಿಯೋ ಕಾಲ್ ಮತ್ತೆ ಮತ್ತೆ ಕಟ್ಟಾಗಿದ್ದು ಅದಕ್ಕೇ. "ನಾನ ಏನೋ ಒತ್ತಿಬಿಟ್ಟೀನ್ರಿ, ತಪ್ಪಾತು" ಅಂತ ಅಜ್ಜಿ ಡಾಕ್ಟರಿಗೆ ಕೈಮುಗಿಯುವಾಗ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೆಯಂತೆ!

ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನು ಸಿರುಗುಪ್ಪಕ್ಕೆ ಹೋಗ್ತೀನಿ, ಅಲ್ಲಿನ ಕಾಲೇಜಿಗೆ ವೈಫೈ ಕೂಡಿಸಬೇಕು. ಇದನ್ನು ನಾನೇ ಸರಿಮಾಡಬಹುದು, ಮಾಡಲ್ಲ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಮತ್ತೆ ಕರೆಯುತ್ತಾರೆ. ಅಷ್ಟರಲ್ಲಿ ವೈಫೈ ಆ್ಯಪ್ ತೆರೆದು ಚಾನೆಲ್, ಪವರ್ ಎರಡನ್ನೂ ಆಟೋಗೆ ಹಾಕು.

ರೊಟ್ಟಿ ಬುಟ್ಟಿಯಲ್ಲಿ ಐತಿ.

ಅಜ್ಜಿ ಈಗ ಫೋನ್ ಮುಟ್ಟಲೂ ಅಂಜುತ್ತಾಳೆ. ಮೊದಲು ಕೆಳಗಿಳಿದು, ತಪ್ಪು ಯಾರದು ಅಂತ ಆಕೆಗೆ ಹೇಳು. ಆಮೇಲೆ ಆ್ಯಪ್.

ಅವ್ವ