ಗಿರಣಿ ನಿಂತರೆ ಕರೆಂಟು ಹೋಯಿತೆಂದಲ್ಲ

ಮಾನ್ಯ ಇಂಜಿನಿಯರ್ ಸಾಹೇಬರೇ,

ಬೇವಿನ ಮರದ ಟೊಂಗೆ ಕಡಿಯಲು ಹತ್ತಿದ ಕೂಲಿ ಹಂಪಯ್ಯನಿಗೆ ಕರೆಂಟು ಹೊಡೆದು, ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮೊಣಕೈತನಕ ಕತ್ತರಿಸಿದ್ದಾರೆ. ನಿಮ್ಮ ವಿದ್ಯುತ್ ಕಚೇರಿ ಈಗ ‘ಸ್ವಂತ ನಿರ್ಲಕ್ಷ್ಯದಿಂದಾದ ಅಪಘಾತ’ ಎಂದು ವರದಿ ಬರೆದು, ಅದಕ್ಕೆ ಅವನದೇ ಹೆಬ್ಬೆಟ್ಟು ಕೇಳುತ್ತಿದೆ. ಇಷ್ಟು ಅಚ್ಚುಕಟ್ಟುತನವನ್ನು ನಿಮ್ಮವರು ತಂತಿಯ ವಿಷಯದಲ್ಲಿ ಎಂದಾದರೂ ತೋರಿಸಿದ್ದುಂಟೆ?

ಮರ ನಮ್ಮ ಮನೆಯ ಮುಂದಿನದು. ಟೊಂಗೆಗಳು ತಂತಿಗೆ ತಾಗುತ್ತಿವೆಯೆಂದು ಅರ್ಜಿ ಕೊಟ್ಟವಳು ನಾನೇ. ಇಂಗ್ಲಿಷಿನಲ್ಲಿ ಬರೆದಿದ್ದೆ; ಬಹುಶಃ ಅದಕ್ಕೇ ಮೂರೇ ದಿನಕ್ಕೆ ನಿಮ್ಮ ಮೇಸ್ತ್ರಿ ಕಲ್ಲೂರಿನ ಹಂಪಯ್ಯನನ್ನು ಕರೆದುಕೊಂಡು ಬಂದ.

ಮಾನ್ವಿಯಲ್ಲಿ ಕರೆಂಟು ತೆಗೆದದ್ದು ಮರದ ಕೆಳಗಿರುವವರಿಗೆ ಹೇಗೆ ತಿಳಿಯುತ್ತದೆ, ಬಲ್ಲಿರಾ? ನಿಮ್ಮ ನಿಯಮದಂತೆ ಕಚೇರಿಯಿಂದ ಚೀಟಿ ಬರಬೇಕು. ನಿಮ್ಮ ರೂಢಿಯಂತೆ, ಅದೇ ಲೈನಿನ ಅಕ್ಕಿ ಗಿರಣಿಯ ಸದ್ದು ನಿಂತರೆ ಸಾಕು. ಆ ದಿನ ಹತ್ತು ಗಂಟೆಗೆ ಸದ್ದು ನಿಂತಿತು.

“ಹತ್ತಲೇ ಹಂಪ್ಯಾ, ಗಿರಣಿ ನಿಂತದ,” ಎಂದ ಮೇಸ್ತ್ರಿ.

“ಚೀಟಿ ಬಂತೇನ್ರೀ ಯಪ್ಪಾ?”

“ಬಂದ್ರ ಓದಾಕ ಬರ್ತದೇನಲೇ ನಿನಗ? ದೊಡ್ಡ ವಕೀಲ ಆಗ್ಯಾನ! ಹತ್ತು.”

ಅಂಗಳದಲ್ಲಿ ನಿಂತಿದ್ದ ನಾನು ನಕ್ಕೆ. ಈ ಒಂದು ವಾಕ್ಯ ಬರೆಯಲು ನನಗೆ ಎರಡು ವಾರ ಹಿಡಿಯಿತು. ಅಂದು ಅಮಾವಾಸ್ಯೆ. ಯಂತ್ರದ ಪೂಜೆಗೆಂದು ಗಿರಣಿ ನಿಲ್ಲಿಸಿ ಅಲ್ಲಿ ಕಾಯಿ ಒಡೆಯುತ್ತಿದ್ದರು. ತಂತಿಯಲ್ಲಿ ಕರೆಂಟು ಇದ್ದೇ ಇತ್ತು. ಪ್ರತಿ ಅಮಾವಾಸ್ಯೆಗೂ ಹೀಗೆಂದು ಊರಿಗೆಲ್ಲ ಗೊತ್ತು. ಮೇಸ್ತ್ರಿಗೆ ಗೊತ್ತು, ನನಗೂ ಗೊತ್ತು. ನೆನಪಾದದ್ದು ಹಂಪಯ್ಯ ಕೆಳಗೆ ಬಿದ್ದ ಮೇಲೆ. ಹಾಗಾದರೆ ನಿರ್ಲಕ್ಷ್ಯ ಯಾರದು? ಚೀಟಿ ಎಲ್ಲಿ ಎಂದು ಕೇಳಿದವನು ಅಲ್ಲಿ ಅವನೊಬ್ಬನೇ.

ವರದಿ ಹಿಡಿದು ಆಸ್ಪತ್ರೆಗೆ ಬಂದ ನಿಮ್ಮ ಗುಮಾಸ್ತರನ್ನು ಅವನ ಹೆಂಡತಿ ಮೂಕಮ್ಮ ನನ್ನೆದುರೇ ಕೇಳಿದಳು: “ಹತ್ತು ಅಂದವ್ರೂ ನೀವ, ಯಾಕ ಹತ್ತಿದಿ ಅನ್ನವ್ರೂ ನೀವೇನ್ರೀ?”

“ಒತ್ತಿಸಬೇ ಯವ್ವಾ, ಬರೇ ಕಾಗದ ಅದು,” ಎಂದರು ಅವರು.

ಬರೀ ಕಾಗದವಾಗಿದ್ದರೆ ಅಂದು ಮರದ ಬುಡಕ್ಕೂ ಒಂದನ್ನು ಕಳಿಸಬಹುದಿತ್ತಲ್ಲ? ಅವನು ಹೆಬ್ಬೆಟ್ಟು ಒತ್ತಿದರೆ ತಪ್ಪು ಅವನದಾಗುತ್ತದೆ. ಪರಿಹಾರವೂ ಇಲ್ಲ, ಒಂದು ಕೈಯಲ್ಲಿ ಮಾಡಬಹುದಾದ ಕೆಲಸವೂ ಇಲ್ಲ. ಮೂಕಮ್ಮ ಇನ್ನೂ ಒತ್ತಿಸಿಲ್ಲ. ಎಷ್ಟು ದಿನ ತಡೆದಾಳು?

‘ಸ್ವಂತ ನಿರ್ಲಕ್ಷ್ಯ’ ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ನಿಮ್ಮ ಮೇಸ್ತ್ರಿಯ ಮಾತನ್ನು ಬರೆಸಿ. ನನ್ನ ಹೇಳಿಕೆಯನ್ನು, ನಾನು ನಕ್ಕದ್ದೂ ಸೇರಿದಂತೆ, ದಾಖಲಿಸಿಕೊಳ್ಳಿ. ಸೋಮವಾರ ನಿಮ್ಮ ಜನ ದೇವದುರ್ಗ ರಸ್ತೆಯ ಮರಗಳಿಗೆ ಹೊರಟಿದ್ದಾರೆಂದು ಕೇಳಿದೆ. ಕಿತ್ತ ಫ್ಯೂಸನ್ನು ಕೈಯಲ್ಲಿ ಹಿಡಿದು ನಿಮ್ಮ ಅಧಿಕಾರಿಯೊಬ್ಬ ಬುಡದಲ್ಲಿ ನಿಲ್ಲುವವರೆಗೆ ಯಾರನ್ನೂ ಹತ್ತಿಸಬೇಡಿ.

ಇಂತಿ,
ಎರಡೂ ಕೈಗಳಿರುವ ಅರ್ಜಿದಾರಳು,
ಸರ್ವರಿ ಬೇಗಂ
ಮಾನ್ವಿ, ೧೯೮೪