ಒಗೆಯೋ ಕಲ್ಲಿನ ಮೇಲಿನ ಜೇಡ

ಚಳ್ಳಕೆರೆ
14-11-2024, ಗುರುವಾರ

ಅವ್ವನಿಗೆ,

ನಾನು ಕ್ಷೇಮ. ಜೇಡವೂ ಕ್ಷೇಮ. ಎರಡನೆಯ ಸುದ್ದಿ ನಿನಗೆ ಬೇಡವಾದದ್ದು ಅಂತ ಗೊತ್ತಿದ್ದೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಮುಖ ಸಿಂಡರಿಸಿದ್ದು ಆಯಿತಲ್ಲ, ಇನ್ನು ಮುಂದೆ ಓದು.

ಫೋನಿದ್ದೂ ಕಾಗದ ಯಾಕೆ ಅಂತೀಯ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುತ್ತಾನೆ, ನಡುವೆ ಕುರಿಮರಿಗಳು ಅರಚುತ್ತವೆ, ಕೊನೆಗೆ 'ಒಲೆ ಮೇಲೆ ಎಸರಿಟ್ಟೀನಿ, ಇಡ್ತೀನಿ' ಅಂತ ಇಟ್ಟುಬಿಡುತ್ತೀಯ. ಕಾಗದಕ್ಕೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಏಳನೇ ಕ್ಲಾಸಿನವರೆಗೆ ಓದಿದವಳು ನೀನು, ನಿಧಾನವಾಗಿ ಓದು. ಬಸ್ಸಿನ ಕಂಡಕ್ಟರ್ ರಾಮಾಂಜನೇಯಣ್ಣನ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ಅಪ್ಪನ ಕೈಗಲ್ಲ ಅಂತ ಹೇಳಿದ್ದೇನೆ.

ವಿಷಯ ಒಂದೇ. ಶಶಿಯನ್ನು ನನ್ನ ಹತ್ತಿರ ಬಿಡು. ತಂಗಿ ಹತ್ತನೇ ಕ್ಲಾಸು ಮುಗಿಸುವವರೆಗೆ ನನ್ನ ರೂಮಿನಲ್ಲಿರಲಿ, ಬೆಳಗಿನ ಬಸ್ಸಿಗೆ ನನ್ನಿವಾಳದ ಶಾಲೆಗೆ ಹೋಗಿ ಸಂಜೆ ಬರಲಿ. ತಿಂಗಳು ತಿಂಗಳೂ ಮುಟ್ಟಾದಾಗ ಹಟ್ಟಿಯ ಹೊರಗಿನ ಆ ಗುಡಿಸಲಲ್ಲಿ ಅವಳು ಮಲಗುವುದು ನನಗೆ ಬೇಡ. ಇದನ್ನು ಕೇಳಿದಾಗಲೆಲ್ಲ ನಿನ್ನದು ಒಂದೇ ಮಾತು: 'ಆ ವಿಷದ ಹುಳ ಐತಲ್ಲ ನಿನ್ ರೂಮಲ್ಲಿ, ಹುಡುಗೀನ ಹೆಂಗ್ ಕಳಿಸ್ಲಿ?' ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇರಲಿ, ಮೊದಲು ನೆಲವನ್ನೇ ನೋಡೋಣ. ಜೇಡದ ವಿಷಯ ಇತ್ಯರ್ಥವಾಗಲಿ, ಆಮೇಲೆ ಏನು ನೆಪ ಹೇಳುತ್ತೀಯೋ ನೋಡುತ್ತೇನೆ.

ಅದು ಎಲ್ಲಿಂದ ಬಂತು ಅಂತ ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ. ಗುಡಿಸಲ ಹಿಂದಿನ ಬದುವಿನಲ್ಲಿ ಅದರ ಬಿಲ ಇತ್ತು. ನಾನು ಹೊರಗೆ ಕೂತ ದಿನಗಳಲ್ಲಿ ನನಗಿದ್ದ ಜೊತೆ ಅದೊಂದೇ. ಹೊತ್ತು ಮುಳುಗಿದ ಮೇಲೆ ಬಿಲದ ಬಾಯಿಗೆ ಬಂದು, ಮುಂಗಾಲು ಹೊರಗಿಟ್ಟುಕೊಂಡು ಕೂರುತ್ತಿತ್ತು. ಅಂಗೈಯಷ್ಟು ಅಗಲ, ಮೈತುಂಬ ಕೂದಲು. ಮೊದಮೊದಲು ಹೆದರಿಕೆಯಾಗುತ್ತಿತ್ತು. ಆಮೇಲಾಮೇಲೆ ಅದು ಬರದಿದ್ದರೆ ಬೇಜಾರಾಗುತ್ತಿತ್ತು. ನೀರಿನ ಪೈಪಿಗೆ ಅಂತ ಜೆಸಿಬಿ ಬಂದು ಬದುವನ್ನು ಅಗೆದು ಹಾಕಿದ ದಿನ ಅದು ಬಿಲ ಕಳೆದುಕೊಂಡು ಬಿಸಿಲಿನಲ್ಲಿ ನಿಂತಿತ್ತು. ಊಟದ ಡಬ್ಬಿಯಲ್ಲಿ ಹಾಕಿಕೊಂಡು ಚಳ್ಳಕೆರೆಗೆ ತಂದೆ. ಇಂಥವಕ್ಕೆ ಟರಂಟುಲಾ ಅಂತಾರೆ ಅನ್ನುವುದು, ಎಣ್ಣೆ ಮಿಲ್ಲಿನ ವೇಬ್ರಿಡ್ಜಿನಲ್ಲಿ ಲಾರಿ ತೂಕ ಬರೆದುಕೊಳ್ಳುವ ನನಗೆ ಫೋನಿನಲ್ಲಿ ನೋಡಿದ ಮೇಲೆ ಗೊತ್ತಾದದ್ದು.

ಅದರ ಪೆಟ್ಟಿಗೆಯನ್ನು ನೀನು ಸರಿಯಾಗಿ ನೋಡಲೇ ಇಲ್ಲ, ಬಾಗಿಲಲ್ಲೇ ಮೂಗಿಗೆ ಸೆರಗು ಒತ್ತಿಕೊಂಡೆ. ಈಗ ಕೇಳು. ಗಾಜಿನ ಪೆಟ್ಟಿಗೆ, ಯಾರೋ ಮೀನು ಸಾಕಿ ಬಿಟ್ಟದ್ದು. ಅರ್ಧಕ್ಕಿಂತ ಮೇಲೆ ಮಣ್ಣು ತುಂಬಿದ್ದೇನೆ. ನೆಲದೊಳಗೆ ಬದುಕುವ ಜೀವಕ್ಕೆ ಆಳ ಬೇಕು. ಮೇಲೆ ಜಾಗ ಜಾಸ್ತಿ ಬಿಟ್ಟರೆ ಗಾಜು ಹತ್ತಿ, ಬಿದ್ದು, ಹೊಟ್ಟೆ ಒಡೆದುಕೊಂಡು ಸಾಯುತ್ತದೆ. ಮಣ್ಣು ನಮ್ಮ ಬದುವಿನದೇ. ಜರಡಿ ಹಿಡಿದು, ಇರುವೆ ಮೊಟ್ಟೆ ಗಿಟ್ಟೆ ಇರಬಾರದು ಅಂತ ಬಾಣಲೆಯಲ್ಲಿ ಹುರಿದು, ಆರಿಸಿ, ತೆಂಗಿನ ನಾರಿನ ಪುಡಿ ಬೆರೆಸಿ ಅದುಮಿದೆ. ಮೂಲೆಯಲ್ಲಿ ಮಡಕೆಯ ಚೂರು ಬೋರಲು ಹಾಕಿ, ಅದರ ಕೆಳಗೆ ಕಡ್ಡಿಯಿಂದ ಓರೆಯಾಗಿ ಒಂದು ತೂತು ಮಾಡಿಕೊಟ್ಟೆ. ಮಿಕ್ಕದ್ದನ್ನು ಅದೇ ತೋಡಿಕೊಂಡಿತು. ಬಾಟಲಿ ಮುಚ್ಚಳದಲ್ಲಿ ನೀರು ಇಡುತ್ತೇನೆ. ಒಂದು ಕಡೆಯ ಮಣ್ಣಿಗೆ ನೀರು ಚಿಮುಕಿಸುತ್ತೇನೆ, ಇನ್ನೊಂದು ಕಡೆ ಒಣಗಲು ಬಿಡುತ್ತೇನೆ. ಎಲ್ಲಿರಬೇಕು ಅನ್ನುವುದು ಅದರ ಇಷ್ಟ. ಗಾಳಿಗೆ ತೂತು ಕೊರೆದ ಮುಚ್ಚಳ, ಅದಕ್ಕೊಂದು ಚಿಲಕ. ಪೆಟ್ಟಿಗೆ ಇಟ್ಟ ಸ್ಟೂಲಿನ ಕಾಲುಗಳ ಕೆಳಗೆ ನೀರಿನ ಬಟ್ಟಲು, ನೀನು ಬೆಲ್ಲದ ಡಬ್ಬಿಗೆ ಇರುವೆ ಹತ್ತದ ಹಾಗೆ ಇಡುತ್ತೀಯಲ್ಲ, ಹಾಗೆ.

ಊಟಕ್ಕೆ ಆಗೊಂದು ಈಗೊಂದು ಜಿರಳೆ. ಅವನ್ನೂ ನಾನೇ ಡಬ್ಬಿಯಲ್ಲಿ ಸಾಕುತ್ತೇನೆ, ಬೈಕೋಬೇಡ. ಹೊಲದ ಮಿಡತೆ ಹಾಕುವುದಿಲ್ಲ, ಔಷಧಿ ಹೊಡೆದಿರುತ್ತಾರೆ. ತಿಂದು ಬಿಟ್ಟದ್ದನ್ನು ಚಿಮಟದಲ್ಲಿ ತೆಗೆಯುತ್ತೇನೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಎತ್ತಿ ಮುದ್ದಾಡುವುದಿಲ್ಲ, ಅದಕ್ಕೂ ಅದು ಬೇಕಿಲ್ಲ. ಕಚ್ಚಿದರೆ ಉರಿ, ಊತ ಎಲ್ಲ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಚಿಲಕ ತೆಗೆದು, ನೀರು ದಾಟಿ, ಹೊದಿಕೆ ಸರಿಸಿ ಶಶಿಯನ್ನು ಹುಡುಕಿಕೊಂಡು ಬಂದು ಕಚ್ಚುವುದಿಲ್ಲ.

ಮನೆ ಓನರ್ ಸುಲೋಚನಮ್ಮ ನಿನಗೆ ಗೊತ್ತಲ್ಲ, ಮೊಳಕಾಲ್ಮೂರಿನವರು, ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಬೆಳೆದವರು. ನಾನು ಮಣ್ಣು ಹುರಿಯುವುದನ್ನು ಕಂಡು ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಜೇಡ ಕಂಡ ಮೇಲೆ 'ಇದೇಮಮ್ಮಾ ತಲ್ಲಿ, ರೂಮ್ ಖಾಲಿ ಮಾಡು' ಅಂತ ಅರ್ಧ ತೆಲುಗಿನಲ್ಲಿ ಅಂದರು. ಮಾಡುವುದಿಲ್ಲ ಅಂದೆ. ಒಂದು ಸಂಜೆ ಅದು ಬಿಲದ ಗೋಡೆಗೆ ನೂಲು ಬಳಿಯುತ್ತಿತ್ತು, ಅವರು ಬಾಡಿಗೆ ಕೇಳಲು ಬಂದವರು ಬಾಡಿಗೆ ಮರೆತು ನಿಂತರು. 'ಎಳೆ ಎಲ್ಲೂ ತುಂಡಾಗಲ್ಲ ನೋಡು, ನಮ್ಮ ನಾಯ್ನ ಇದ್ದಿದ್ರೆ ಕೂಲಿಗೆ ಇಟ್ಕೊಂತಿದ್ದ' ಅಂತ ತಮ್ಮ ಅಪ್ಪನನ್ನು ನೆನೆಸಿಕೊಂಡರು. ಈಗ ನಾನು ಮಿಲ್ಲಿಗೆ ಹೋದಾಗ ಅವರೇ ಕಿಟಕಿಯಿಂದ ಇಣುಕಿ ವಿಚಾರಿಸಿಕೊಳ್ಳುತ್ತಾರೆ.

ಇನ್ನು ಬೇಸಿಗೆಯಲ್ಲಿ ನೀನು ಬಂದಾಗಿನ ಮಾತು. ಅದನ್ನು ಇಬ್ಬರೂ ಇಲ್ಲಿಯವರೆಗೆ ಎತ್ತಿಲ್ಲ. ಜೇಡ ಬಿಲದ ಬಾಯಿಗೆ ನೂಲಿನ ಪರದೆ ಕಟ್ಟಿಕೊಂಡು, ಊಟ ಬಿಟ್ಟು ಒಳಗೆ ಕೂತಿತ್ತು. ಯಾಕೆ ಹೀಗೆ ಅಂತ ನೀನು ಕೇಳಿದೆ. ಪೊರೆ ಬಿಡುವ ಕಾಲ, ನಮಗೆ ತಿಂಗಳಿಗೊಂದು ಸಲ ಆಗುತ್ತಲ್ಲ, ಅದಕ್ಕೆ ವರ್ಷಕ್ಕೊಂದು ಸಲ ಅಂತ ತಮಾಷೆ ಮಾಡಿ ನಾನು ಮಿಲ್ಲಿಗೆ ಹೋದೆ. ಸಂಜೆ ಬಂದರೆ ಪೆಟ್ಟಿಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿತ್ತು, ಮಧ್ಯಾಹ್ನದಿಂದ ಸುಡುವ ಬಿಸಿಲಿನಲ್ಲಿ. ಅಷ್ಟು ಭಾರದ್ದನ್ನು ಮೈಗೆ ತಾಗಬಾರದು ಅಂತ ಗೋಣಿಚೀಲ ಸುತ್ತಿ ನೀನು ಒಬ್ಬಳೇ ಹೊತ್ತಿದ್ದೆ. ತಲೆಗೆ ನೀರು ಹಾಕಿಕೊಂಡು ಕೂದಲು ಆರಿಸುತ್ತ ಕೂತಿದ್ದೆ. 'ಹೊರಗಾಗೈತೆ ಅಂದ್ಯಲ್ಲ, ಅದಕ್ಕೇ ಹೊರಗಿಟ್ಟೀನಿ. ಪಕ್ಕದಾಗೆ ನೀರೂ ಇಟ್ಟೀನಿ ನೋಡು' ಅಂದೆ. ನಿಜ, ಸ್ವಲ್ಪ ದೂರದಲ್ಲಿ ಒಂದು ಚೊಂಬು ನೀರೂ ಇತ್ತು.

ಹೊತ್ತು ತರುವಾಗ ಅಲುಗಾಡಿ ಬಿಲ ಕುಸಿದಿತ್ತು. ಜೇಡ ಮೇಲೆ ಬಂದು ಅಂಗಾತ ಬಿದ್ದಿತ್ತು. ಪೊರೆ ಬಿಡುವಾಗ ಅದು ಹಾಗೇ ಮಲಗುತ್ತದೆ, ಆಗ ಮೈಯೆಲ್ಲ ಮೆತ್ತಗಿರುತ್ತದೆ, ತಂಪು ಬೇಕು, ಯಾರೂ ಅಲುಗಿಸಬಾರದು. ನೆರಳಿಗೆ ತಂದು ಒದ್ದೆ ಬಟ್ಟೆ ಸುತ್ತಿ ಕಾಯ್ದೆ. ಬದುಕಿತು, ಆದರೆ ಒಣಗಿದ ಪೊರೆಯಲ್ಲಿ ಒಂದು ಕಾಲು ಸಿಕ್ಕಿಕೊಂಡು ಮುರಿದುಹೋಯಿತು. ಅವತ್ತು ನಾನು ಕೂಗಾಡಿದೆ, ನೀನು ಊಟ ಮಾಡದೆ ಬಸ್ಸು ಹತ್ತಿದೆ. ನಿನ್ನ ಬಸ್ಸು ಹೋದ ಮೇಲೆ ನನಗೆ ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು ಬಂತು. ನಿನಗೆ ಅದರ ಮೇಲೆ ಹಗೆ ಇರಲಿಲ್ಲ ಅವ್ವಾ. ಮನೆಯ ಹೆಣ್ಣಿಗೆ ಏನು ಮಾಡುತ್ತೀಯೋ ಅದನ್ನೇ ಅದಕ್ಕೂ ಮಾಡಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ಒಂದು ಹುಳ ಮೆತ್ತಗಾಗಿರುವ ಕಾಲದಲ್ಲಿ ಅದಕ್ಕೆ ನೆರಳು ಬೇಕು, ತಂಪು ಬೇಕು, ಇರುವೆ ಬರಬಾರದು ಅಂತ ನಾನು ಇಷ್ಟೆಲ್ಲ ಮಾಡುತ್ತೇನೆ. ಶಶಿಗೆ ನಾವು ಏನು ಮಾಡಿಟ್ಟಿದ್ದೇವೆ? ಸೋಗೆಯ ಸೂರು, ಬಾಗಿಲಿಲ್ಲ, ದೀಪವಿಲ್ಲ. ಮುಟ್ಟಾದವರಿಗೆ ಅಂತ ಸರ್ಕಾರದವರು ಕಟ್ಟಿಸಿಕೊಟ್ಟ ಕೊಠಡಿ ಇದೆಯಲ್ಲ ಅನ್ನಬೇಡ, ಅದರ ತುಂಬ ಶೇಂಗಾ ಹೊಟ್ಟು ಒಟ್ಟಿದ್ದೀರಿ, ಹೊಟ್ಟು ನೆನೆಯಬಾರದು ಅಂತ. ಹೋದ ಮಳೆಗಾಲದಲ್ಲಿ ಅವಳಿಗೆ ಚೇಳು ಕಡಿದು, ಬೆಳಗಿನವರೆಗೆ ಕಾಲು ಹಿಡಿದುಕೊಂಡು ಒಬ್ಬಳೇ ಅತ್ತಳು. ಹಟ್ಟಿಯ ಒಳಗೆ ಬರುವ ಹಾಗಿಲ್ಲ, ಕೂಗಿದರೆ ಯಾರಿಗೂ ಕೇಳುವುದಿಲ್ಲ. ಗಾಜಿನೊಳಗೆ ಚಿಲಕ ಹಾಕಿಕೊಂಡಿರುವ ಜೇಡಕ್ಕೆ ಹೆದರುವ ನೀನು, ಬಯಲಿನ ಚೇಳಿಗೆ ಯಾಕೆ ಹೆದರಲಿಲ್ಲ?

ದೇವರು ಮುನಿಯುತ್ತಾನೆ, ಕುರಿಗೆ ರೋಗ ಬರುತ್ತದೆ, ಹಟ್ಟಿಯವರು ಒಪ್ಪುವುದಿಲ್ಲ ಅಂತೀಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನನ್ನ ಹತ್ತಿರ ಜೇಡದ ಹೆಸರು ಹೇಳುತ್ತೀಯ. ನಾನು ಇಲ್ಲಿಗೆ ಬಂದ ಮೇಲೆ ಒಂದು ಸಲವೂ ಹೊರಗೆ ಕೂತಿಲ್ಲ. ಒಳಗೇ ಮಲಗುತ್ತೇನೆ, ಒಲೆ ಹಚ್ಚುತ್ತೇನೆ, ನೀರು ತುಂಬುತ್ತೇನೆ. ಕುರಿಗೆ ರೋಗ ಬಂದಿದ್ದರೆ ನೀನು ನನಗೆ ಹೇಳದೆ ಬಿಡುತ್ತಿದ್ದೆಯಾ? ನೀನು ನನ್ನನ್ನು ಹೆತ್ತದ್ದೂ ಹಟ್ಟಿಯ ಹೊರಗೆ, ಹಸಿಮೈಯಲ್ಲಿ ಚಳಿಗೆ ನಡುಗುತ್ತ. ಅದನ್ನು ನೀನು ಹೆಮ್ಮೆಯಿಂದ ಹೇಳುತ್ತೀಯ. ನನಗೆ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ನಿನ್ನ ಮೇಲಲ್ಲ, ನಿನ್ನನ್ನು ಅಲ್ಲಿ ಬಿಟ್ಟು ಬೆಚ್ಚಗೆ ಮಲಗಿದವರ ಮೇಲೆ.

ಜೇಡವನ್ನು ನಾನು ಬಿಡುವುದಿಲ್ಲ. ಶಶಿಯನ್ನೂ ಬಿಡುವುದಿಲ್ಲ. ನೀನು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಬೈದು ಕಾಗದ ಬರೆ, ಜಗಳವಾಡೋಣ, ಆದರೆ ಅವಳು ಆ ಗುಡಿಸಲಿಗೆ ಹೋಗುವುದಿಲ್ಲ. ಹಟ್ಟಿಯ ಹಿರಿಯರು ಕೇಳಿದರೆ ದೊಡ್ಡವಳು ಮಾತು ಕೇಳಲ್ಲ, ಕೈಮೀರಿದ್ದಾಳೆ ಅನ್ನು. ಆ ಹೆಸರು ನನಗೆ ಹೊಸದಲ್ಲ.

ನಿನಗೆ ಮಂಡಿನೋವಿನ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೋ.

ಮಾತು ಕೇಳದ ನಿನ್ನ ಮಗಳು,
ಶಿಲ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಶಶಿ ಸೋಮವಾರದಿಂದ ಇಲ್ಲೇ ಇದ್ದಾಳೆ. ಮುಟ್ಟಾಗಿ ಗುಡಿಸಲಿಗೆ ಹೋದ ಸಂಜೆಯೇ ಬಸ್ಸು ಹತ್ತಿ ಬಂದಳು. ಇಲ್ಲಿಂದಲೇ ಶಾಲೆಗೆ ಹೋಗಿ ಬರುತ್ತಿದ್ದಾಳೆ. ಈಗ ಒಲೆಯ ಪಕ್ಕ ಕೂತು ಗಣಿತ ಮಾಡುತ್ತಿದ್ದಾಳೆ, ಗಾಬರಿಯಾಗಬೇಡ. ನಿನ್ನ ಅತ್ತೆ ಸೂರಮ್ಮಜ್ಜಿ ನಾಯಕನಹಟ್ಟಿಗೆ ಮಗಳ ಮನೆಗೆ ಹೋಗಿದ್ದಾಳೆ ಅಂದುಕೊಂಡಿದ್ದೀಯಲ್ಲ, ಅಜ್ಜಿ ಎಲ್ಲಿಗೂ ಹೋಗಿಲ್ಲ. ಶಶಿಯನ್ನು ಬಸ್ಸು ಹತ್ತಿಸಿ, ಅವಳ ಕಂಬಳಿ ಹೊದ್ದುಕೊಂಡು ಗುಡಿಸಲಲ್ಲಿ ಮಲಗಿದ್ದಾಳೆ. 'ನಮ್ಮ ಕಾಲ ಹೋತು, ಮೊಮ್ಮಗಳದಾದ್ರೂ ಉಳೀಲಿ' ಅಂದಳಂತೆ. ನೀನು ಸಂಜೆ ಗುಡಿಸಲ ಮುಂದಿನ ಕಲ್ಲಿನ ಮೇಲೆ ಶಶಿಗೆ ಅಂತ ತಟ್ಟೆ ಇಟ್ಟು ಆ ಕಡೆ ನೋಡದೆ ಬರುತ್ತೀಯಲ್ಲ, ಅದನ್ನು ತಿನ್ನುತ್ತಿರುವುದು ಅವಳೇ. ಇವತ್ತು ಹೋದಾಗ ಒಂದು ಸಲ ಒಳಗೆ ನೋಡು ಅವ್ವಾ. ಅಜ್ಜಿಗೆ ಹಲ್ಲಿಲ್ಲ, ಮುದ್ದೆಯನ್ನು ಸ್ವಲ್ಪ ಮೆತ್ತಗೆ ಮಾಡಬೇಕಂತೆ.