ಕೂಗದ ಜೀಪು

ಕೀರನದೊಡ್ಡಿ ತಪ್ಪಲು
೨೧೩೧ನೇ ಇಸವಿ, ಹದಿಮೂರನೇ ತಿಂಗಳು, ಒಂಬತ್ತನೇ ದಿನ

ಪೂಜ್ಯ ಪುಟ್ಟಮಾದಪ್ಪನವರ ಪಾದಗಳಿಗೆ, ನೀವು ಇನ್ನೂ ಕಾಣದಿರುವ ಮೊಮ್ಮಗಳ ಮೊಮ್ಮಗಳು ಹೊನ್ನಾಜಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಪಕ್ಕಕ್ಕಿಡಬೇಡಿ. ಹದಿಮೂರನೇ ತಿಂಗಳು ನಮ್ಮಲ್ಲಿ ನಿಜವಾಗಿಯೂ ಇದೆ. ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳನ್ನೆಲ್ಲ ಎಣಿಕೆಯಿಂದ ತೆಗೆದು, ವರ್ಷದ ಕೊನೆಗೆ ಸೇರಿಸಿ, ಅದಕ್ಕೆ ಉಳಿಕೆಮಾಸ ಎಂದು ಹೆಸರಿಟ್ಟಿದ್ದಾರೆ. ವರ್ಷವಿಡೀ ಮಾಡದೆ ಬಿಟ್ಟ ಕೆಲಸಗಳನ್ನು ಈಗ ಮುಗಿಸಬೇಕು. ನಾನು ಬಿಟ್ಟಿದ್ದು ಈ ಕಾಗದ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪತ್ರಗಳಿಂದ ಕಲಿತು ಬರೆಯುತ್ತಿದ್ದೇನೆ, ನಡುವೆ ನಮ್ಮ ಕಾಲದ ಮಾತುಗಳು ನುಸುಳಿ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಅಜ್ಜಿಯ ತಾತನನ್ನು ಏನೆಂದು ಕರೆಯಬೇಕೆಂದು ಯಾವ ಪತ್ರದಲ್ಲೂ ಸಿಗಲಿಲ್ಲ. ಸುಮ್ಮನೆ ತಾತ ಎನ್ನುತ್ತೇನೆ.

ನಾನು ಕೇಳಿರುವ ಪ್ರಕಾರ, ಈಗ ನೀವು ಹುಣಸೆಮರದ ಕೆಳಗೆ ನಿಂತ ಜೀಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ರಿಪೇರಿ ಮಾಡಿಸುವುದೋ ಮಾರಿಬಿಡುವುದೋ ಎಂದು ತಲೆ ಕೆರೆದುಕೊಳ್ಳುತ್ತಿರುತ್ತೀರಿ. ಬೆಟ್ಟಕ್ಕೆ ಟಾರು ರಸ್ತೆಯಾಗಿ, ದಿನಕ್ಕೆರಡು ಬಸ್ಸು ಬಂದು, ಜೀಪಿಗೆ ಕೆಲಸವಿಲ್ಲದಂತಾದ ವರ್ಷ ಅದು. ನೆಲದ ತಗಡು ತುಕ್ಕು ಹಿಡಿದು ತೂತಾಗಿದೆ, ಹಿಂದಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದೀರಿ. ಕೊನೆಗೂ ನೀವು ಮಾರುವುದಿಲ್ಲ. ಏಕೆ ಮಾರಲಿಲ್ಲವೆಂದು ಯಾರಿಗೂ ಹೇಳುವುದೂ ಇಲ್ಲ. ಹೇಳಿದ್ದರೆ ನನಗೆ ದೊಡ್ಡ ಉಪಕಾರವಾಗುತ್ತಿತ್ತು, ತಾತ. ಈ ಮನೆಯವರ ಬಾಯಿಂದ ಮಾತು ಹೊರಡಿಸುವುದು ಎಷ್ಟು ಕಷ್ಟವೆಂದು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಲೋಕ ಹೇಗಿದೆಯೆಂದು ತಿಳಿಸಬೇಕು. ನಮ್ಮಲ್ಲಿ ಮುದ್ದೆ ಇದೆ, ಒಲೆ ಇಲ್ಲ. ಬೆಟ್ಟದ ನೆತ್ತಿಯ ಉದ್ದಕ್ಕೂ ಮಂಜುಬಲೆ ಕಟ್ಟಿದ್ದಾರೆ, ಬೆಳಗಿನ ಮಂಜು ಅದರಲ್ಲಿ ಸಿಕ್ಕಿ ನೀರಾಗಿ ಕೊಳವೆಯಲ್ಲಿ ಮನೆಗೆ ಬರುತ್ತದೆ. ಹಗಲು ನಡೆಯಲು ನೆರಳುದಾರಿಗಳಿವೆ, ಅಂದರೆ ಚಪ್ಪರ ಹಾಕಿದ ರಸ್ತೆಗಳು. ಗಾಡಿಗಳಿಗೆ ಸದ್ದೇ ಇಲ್ಲ. ಹಿಂದಿನಿಂದ ಬಂದರೆ ತಿಳಿಯುವುದಿಲ್ಲವೆಂದು ಎಲ್ಲರೂ ಮುಂಗೈಗೆ ಎಚ್ಚರಪಟ್ಟಿ ಕಟ್ಟಿಕೊಳ್ಳುತ್ತೇವೆ, ಗಾಡಿ ಹತ್ತಿರ ಬಂದಾಗ ಅದು ಅದುರುತ್ತದೆ. ಡೀಸೆಲ್ ಸುಡುವುದು ೨೦೮೯ರಲ್ಲೇ ನಿಂತುಹೋಯಿತು. ಆ ವರ್ಷ ಅಧಿಕಾರಿಗಳು ಬಂದು ನಿಮ್ಮ ಜೀಪಿನ ಎಂಜಿನ್ನಿಗೆ ಸೀಲು ಹಾಕಿ ಹೋದರು. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಆ ಜೀಪಿನ ಸದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಅಜ್ಜಿ ಕೇಳಿದ್ದಾಳೆ. ನಿಮ್ಮ ಮೊಮ್ಮಗಳು ದೇವಾಜಮ್ಮ ಇಪ್ಪತ್ತೆಂಟು ವರ್ಷ ಅದನ್ನು ಓಡಿಸಿದವಳು. ನಿಮ್ಮ ಟಾರು ರಸ್ತೆ, ಬಸ್ಸು ಎರಡೂ ಬಹಳ ಕಾಲ ಉಳಿಯಲಿಲ್ಲ. ೨೦೬೦ರ ಮಳೆಗೆ ಗುಡ್ಡ ಕುಸಿದ ಮೇಲೆ ಮತ್ತೆ ಜೀಪೇ ಗತಿಯಾಯಿತು. ರೇಷನ್ ಅಕ್ಕಿ, ಬಸುರಿಯರು, ಜ್ವರದವರು, ಒಮ್ಮೆ ಕಾಲು ಮುರಿದ ಕರು, ಎಲ್ಲವನ್ನೂ ಅವಳು ಹತ್ತಿಸಿದ್ದಾಳೆ, ಇಳಿಸಿದ್ದಾಳೆ. ಮೂರನೇ ತಿರುವಿನಲ್ಲಿ ಗೇರು ಇಳಿಸಿದಾಗ ಜೀಪು ಒಂದು ಸಲ ಉಸಿರು ಕಟ್ಟಿದಂತಾಗಿ, ಆಮೇಲೆ ಕೂಗುತ್ತಿತ್ತಂತೆ. ಆ ಕೂಗು ಕೇಳಿಯೇ ಬೆಟ್ಟದ ಮೇಲಿನ ಕೀರನದೊಡ್ಡಿಯವರು ಕಾಯಿಲೆಯವರನ್ನು ರಸ್ತೆಗೆ ತಂದು ಕೂರಿಸುತ್ತಿದ್ದರು. ಈಗ ಅಜ್ಜಿಗೆ ತೊಂಬತ್ತೊಂದು. ಕಣ್ಣು ಪೂರ್ತಿ ಹೋಗಿ ಆರು ವರ್ಷವಾಯಿತು.

ಈ ವರ್ಷದ ಮೊದಲಲ್ಲಿ ಹೊಸ ಕಾಯಿದೆ ಬಂತು. ಸೀಲು ಹಾಕಿದ ಗಾಡಿಗಳನ್ನು ಇನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಒಂದೋ ಮೈಸೂರಿನ ಯಂತ್ರಮನೆಗೆ ಮಾರಬೇಕು, ಇಲ್ಲವೇ ಹೊಗೆ ಬಿಡಿಸಬೇಕು. ಯಂತ್ರಮನೆಯೆಂದರೆ ಹಳೆಯ ಯಂತ್ರಗಳನ್ನು ಗಾಜಿನ ಹಿಂದೆ ನಿಲ್ಲಿಸಿರುವ ಜಾಗ. ಅಲ್ಲಿ ಎಂಜಿನ್ನು ಹಾಗೆಯೇ ಇರುತ್ತದೆ, ಗಾಡಿ ಮಾತ್ರ ಇನ್ನೆಂದೂ ಬೆಟ್ಟ ಹತ್ತುವುದಿಲ್ಲ. ಹೊಗೆ ಬಿಡಿಸುವುದೆಂದರೆ ಎಂಜಿನ್ನು ಕಿತ್ತು ಕರಗಿಸಲು ಕೊಟ್ಟು, ಅದರ ಜಾಗದಲ್ಲಿ ಮೋಟಾರು ಕೂರಿಸಿ, ಗಾಡಿಯನ್ನು ಹೊಸದರ ಹಾಗೆ ಮಾಡಿ ಮನೆಗೆ ತರುವುದು.

ನಾನು ಅಜ್ಜಿಯನ್ನು ಕೇಳಿದೆ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಮಾರ್ಬುಡು ಮಗ, ನಂಗ್ಯಾಕದು" ಎಂದಳು.

ಇಲ್ಲಿ ನಮ್ಮ ಮನೆಯ ಪದ್ಧತಿಯನ್ನು ನಿಮಗೆ ನೆನಪಿಸಬೇಕು. ಅದು ನಿಮ್ಮ ಕಾಲದಿಂದಲೇ ಬಂದದ್ದಂತೆ. ನಮ್ಮಲ್ಲಿ ಯಾರೂ ಬೇಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬಡಿಸಲು ಹೋದರೆ ಎರಡು ಸಲ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಮೂರನೇ ಸಲ ಕೈ ತೆಗೆಯುತ್ತಾರೆ. ಮೂರನೇ ಸಲವೂ ಅಡ್ಡ ಹಿಡಿದರೆ ಮಾತ್ರ ಹೊಟ್ಟೆ ತುಂಬಿದೆಯೆಂದು ಅರ್ಥ. ಸೀರೆ ಕೊಡಿಸಲು, ಔಷಧಿ ತರಲು, ಎಲ್ಲದಕ್ಕೂ ಇದೇ ಲೆಕ್ಕ. ಅಜ್ಜಿಯಂತೂ ಮೊದಲ ಸಲಕ್ಕೆ ನೀರನ್ನೂ ಬೇಕೆಂದವಳಲ್ಲ. ಹಾಗಾಗಿ ಮಾರು ಎಂದಾಗ ನನಗೆ ನಗು ಬಂತು. ನಾಲ್ಕು ದಿನ ಬಿಟ್ಟು ಎರಡನೇ ಸಲ ಕೇಳಿದೆ. ಆಗಲೂ ಅದೇ ಮಾತು.

ಮೂರನೇ ಸಲ ನಾನು ಕೇಳಲಿಲ್ಲ. ಕೇಳುವ ಅಗತ್ಯವಿಲ್ಲ, ಅವಳ ಮನಸ್ಸು ನನಗೆ ಗೊತ್ತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಮ್ಮ ಹತ್ತಿರ ಸುಳ್ಳೇಕೆ? ಜೀಪನ್ನು ಉಳಿಸಿಕೊಳ್ಳಬೇಕೆಂಬ ಆಸೆ ನನ್ನದಾಗಿತ್ತು. ಅದರಲ್ಲಿ ಕೂತು ಊರ ಮುಂದೆ ಹೋಗಬೇಕು, ನೋಡಿದವರು ಅಬ್ಬಾ ಎನ್ನಬೇಕು ಎಂದಿತ್ತು. ಮೂರನೇ ಸಲವೂ ಅವಳು ಮಾರು ಎಂದುಬಿಟ್ಟರೆ ಏನು ಮಾಡಲಿ ಎಂಬ ಭಯಕ್ಕೆ ಕೇಳದೆ ಉಳಿದೆ.

ಕೊಳ್ಳೇಗಾಲದ ಸಮೀವುಲ್ಲಾ ಎಂಬ ಮೇಸ್ತ್ರಿಗೆ ಜೀಪು ಒಪ್ಪಿಸಿದೆ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಎಂಜಿನ್ನಿಗೆ ಕೈ ಹಾಕುವ ಮುಂಚೆ ಅವರು, ಓಡಿಸುತ್ತಿದ್ದ ಅಜ್ಜಿಯನ್ನು ಕೇಳಿದಿರಾ ಎಂದು ವಿಚಾರಿಸಿದರು. ಕೇಳಿದ್ದೇನೆ ಎಂದೆ. ಮಾತು ನಿಜವೇ ಆಗಿತ್ತು. ಮೂರು ದಿನದೊಳಗೆ ಎಂಜಿನ್ನು ಕರಗಿತು. ಐದು ತಿಂಗಳಲ್ಲಿ ನೆಲಕ್ಕೆ ಹೊಸ ತಗಡು, ಬಾಗಿಲಿಗೆ ಹಿತ್ತಾಳೆಯ ಚಿಲಕ, ನಿಮ್ಮ ಕಾಲದ್ದೇ ಹಸಿರು ಬಣ್ಣ. ನೀವು ನೋಡಿದ್ದರೆ ಗುರುತು ಹಿಡಿದು ಬೆನ್ನು ತಟ್ಟುತ್ತಿದ್ದಿರಿ.

ಒಂದು ಬೆಳಿಗ್ಗೆ ಅಜ್ಜಿಯನ್ನು ಕೈಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಅವಳು ಬಾಗಿಲ ಅಂಚು ಸವರಿದಳು. ಯಾವ ಗಾಡಿಯೆಂದು ನಾನು ಹೇಳಬೇಕಾಗಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳಿಗೆ ಗಾಳಿ ಬಡಿಯದಿರಲೆಂದು ಪರದೆ ಇಳಿಸಿ, ನಾನು ನಿಧಾನವಾಗಿ ಹೊರಟೆ. ದಾರಿಯನ್ನೂ ಹೊಸದಾಗಿ ಮಾಡಿದ್ದಾರೆ, ಒಂದು ಕುಲುಕಾಟವೂ ಇಲ್ಲ. ಮೂರನೇ ತಿರುವು ದಾಟಿತು, ಐದನೆಯದು ದಾಟಿತು. ಅಜ್ಜಿ ಕಂಬಿಯನ್ನು ಬಿಗಿಹಿಡಿದೇ ಇದ್ದಳು, ಸಂತೋಷಕ್ಕಿರಬೇಕೆಂದು ನಾನು ಓಡಿಸುತ್ತಲೇ ಹೋದೆ. ಕೀರನದೊಡ್ಡಿ ತಲುಪಿ ನಿಲ್ಲಿಸಿದಾಗ ಅವಳು ಕಂಬಿ ಬಿಡದೆಯೇ ನನ್ನ ಕಡೆ ತಿರುಗಿದಳು.

"ಇನ್ನೂ ಯಾಕ್ ಸ್ಟಾರ್ಟ್ ಮಾಡ್ನಿಲ್ಲ ಮಗ? ಬಿಸ್ಲೇರೋಯ್ತದೆ."

ಬೆಟ್ಟದ ಮೇಲಿದ್ದೇವೆ ಎಂದು ಹೇಳಬೇಕಾಯಿತು. ಬೇರೆ ಯಾರಾದರೂ ಹೇಳಲಿ ಎಂದು ಸುತ್ತ ನೋಡಿದೆ, ಯಾರೂ ಇರಲಿಲ್ಲ. ಮೇಲಿನ ದೊಡ್ಡಿಯವರಿಗೆ ನಾವು ಬಂದದ್ದೇ ತಿಳಿದಿರಲಿಲ್ಲ. ಹೇಳಿದೆ. ಅಜ್ಜಿ ಕಂಬಿ ಬಿಟ್ಟು, ನನ್ನ ಮೊಣಕಾಲು ತಟ್ಟಿ, "ಚೆನ್ನಾಗದೆ ಕಣವ್ವ" ಎಂದಳು. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನೂ ಅವಳು ಹಾಗೆಯೇ ಹೊಗಳುವುದು.

ಹತ್ತು ದಿನ ಕಳೆದ ಮೇಲೆ ಊಟದ ನಡುವೆ ಬೇರೇನೋ ಮಾತಿನ ಜೊತೆ ಯಂತ್ರಮನೆಯ ವಿಷಯ ಬಂತು. ಯಂತ್ರಮನೆಯಲ್ಲಿ ವರ್ಷಕ್ಕೊಂದು ದಿನ ಸದ್ದುಹಬ್ಬ ಮಾಡುತ್ತಾರೆ, ಹಳೆಯ ಎಂಜಿನ್ನುಗಳ ಸೀಲು ತೆಗೆದು ಒಂದೊಂದು ನಿಮಿಷ ಓಡಿಸುತ್ತಾರೆ. ಅಜ್ಜಿಗೆ ಅದು ಗೊತ್ತಿತ್ತು. "ಅಲ್ಲಿ ವರ್ಸಕ್ಕೊಂದ್ಕಿತ ಕೂಗುಸ್ತಾರಂತಲ್ಲ, ಓಗಿ ಕೇಳ್ಕ ಬರವ ಅಂತಿದ್ದೆ" ಎಂದಳು. ದೂರು ಹೇಳುವ ದನಿ ಅಲ್ಲ, ಮಳೆ ಬರಬಹುದೆಂದು ಅಂದುಕೊಂಡಿದ್ದೆ ಎನ್ನುವ ದನಿ. ನಲವತ್ತೆರಡು ವರ್ಷ ಕಾದವಳ ಒಂದು ನಿಮಿಷವನ್ನು ನಾನು ಕರಗಿಸಲು ಕಳಿಸಿದ್ದೆ.

ಅಂದಿನಿಂದ ಹುಡುಕುತ್ತಿದ್ದೇನೆ. ನಿಮ್ಮ ಫೋನಿನಲ್ಲಿದ್ದದ್ದೆಲ್ಲ ನಮ್ಮ ಮನೆಯಲ್ಲಿ ಜೋಪಾನವಾಗಿದೆ. ಜೀಪಿಗೆ ಒರಗಿ ನಿಂತ ಫೋಟೋಗಳು ಇನ್ನೂರಕ್ಕೂ ಹೆಚ್ಚು. ಅದು ಬೆಟ್ಟ ಹತ್ತುವ ವಿಡಿಯೋಗಳು ಹದಿನೇಳು. ಆಸೆಯಿಂದ ಒಂದೊಂದನ್ನೇ ಹಾಕಿದೆ. ಹದಿನೇಳಕ್ಕೂ ನೀವು ಸಿನಿಮಾ ಹಾಡು ಹೊಂದಿಸಿದ್ದೀರಿ, ತಾತ! ಚಕ್ರ ಕಲ್ಲು ಹತ್ತುತ್ತದೆ, ಹೊಗೆ ಏಳುತ್ತದೆ, ಕೇಳುವುದು ಮಾತ್ರ ಪಿಟೀಲು. ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ, ಕೇಳಿಸಿಕೊಳ್ಳದೆ ಇದ್ದವರಲ್ಲಿ ನೀವು ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ ಎನಿಸಿತು.

ನೀವು ಮಾರುವುದಿಲ್ಲವೆಂದು ಗೊತ್ತು, ಕಾರಣ ಕೇಳುವುದಿಲ್ಲ. ಒಂದು ಬೇಡಿಕೆ ಇದೆ. ನಾಳೆ ಬೆಳಿಗ್ಗೆ ಎದ್ದವರೇ ಬ್ಯಾಟರಿಗೆ ತಂತಿ ಸಿಕ್ಕಿಸಿ ಜೀಪನ್ನು ಹೊರಡಿಸಿ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ, ಮಾತಾಡಬೇಡಿ. ಫೋನನ್ನು ಸೀಟಿನ ಮೇಲಿಟ್ಟು ಮೂರನೇ ತಿರುವು ದಾಟುವವರೆಗೂ ಬರೀ ಸದ್ದನ್ನು ಹಿಡಿಯಿರಿ. ಅದಕ್ಕೆ ಹಾಡು ಹಾಕಬೇಡಿ, ಹಾಗೆಯೇ ಬಿಡಿ. ನನಗೆ ಅದು ಎಲ್ಲಿದ್ದರೂ ಸಿಗುತ್ತದೆ. ತಡ ಮಾಡಬೇಡಿ, ತಾತ. ಅಜ್ಜಿಯ ಕಿವಿ ಇನ್ನೂ ಚುರುಕಾಗಿದೆ.

ಇಂತಿ ನಿಮ್ಮ,
ಹೊನ್ನಾಜಿ